ಟ್ಯಾಂಕಿನೊಳಗೆ ಏನಿದೆ?

2018ರ ಡಿಸೆಂಬರ್ 16, ಭಾನುವಾರ. ಮುಧೋಳ ತಾಲ್ಲೂಕಿನ ಕುಳಲಿ ಬಳಿಯ ನಿರಾಣಿ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಸ್ಫೋಟವಾಯಿತು. ಕಟ್ಟಡ ಕುಸಿಯಿತು. ನಾಲ್ವರು ಸತ್ತರು. ಇನ್ನೂ ಕೆಲವರು ಗಾಯಗೊಂಡರು. ಸುದ್ದಿ ಹರಡಿದ್ದು 'ಬಾಯ್ಲರ್ ಸ್ಫೋಟ' ಎಂದು. ಹಲವು ಪತ್ರಿಕೆಗಳ ತಲೆಬರಹವೂ ಅದೇ ಆಗಿತ್ತು. ವಿವರ ಬಂದಾಗ ಗೊತ್ತಾದದ್ದು ಬೇರೆ. ಅವಘಡ ನಡೆದದ್ದು ತ್ಯಾಜ್ಯ ನೀರನ್ನು ಶುದ್ಧ ಮಾಡುವ ಘಟಕದಲ್ಲಿ.

ಕೊಳಕು ನೀರು ಸಿಡಿಯುತ್ತದೆಯೇ ಎಂದು ಅಂದು ಬಹಳ ಜನ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಸಕ್ಕರೆ ಕಾರ್ಖಾನೆ ಎಂದರೆ ಜನರಿಗೆ ಹೆದರಿಕೆ ಬಾಯ್ಲರಿನದು. ಅಪಾಯ ಮಾತ್ರ ಯಾರೂ ತಿರುಗಿ ನೋಡದ ಕಡೆ ಕೂತಿರುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ, ನಿಂತ ಪೈಪಿನಲ್ಲಿ, ಹಂಗಾಮು ಮುಗಿದ ಮೇಲೆ ಖಾಲಿಯಾಗಿದೆ ಎಂದು ಎಲ್ಲರೂ ನಂಬಿದ ತೊಟ್ಟಿಯಲ್ಲಿ. ಇಂದಿನ ಮಾತು ಇದೊಂದೇ ವಿಷಯದ ಸುತ್ತ: ಒಳಗೆ ಏನಿದೆ ಎಂದು ತಿಳಿಯದೆ ಯಾವುದನ್ನೂ ತೆರೆಯಬಾರದು, ಯಾವುದನ್ನೂ ಚಾಲೂ ಮಾಡಬಾರದು. ಇದು ಹೇಳಲು ಸುಲಭ, ದಿನದಿನವೂ ನಡೆಸುವುದು ಕಷ್ಟ.

ಮೊದಲು ಮುಧೋಳದ ಸುತ್ತಲಿನ ಈ ನಾಡನ್ನು ಒಂದಿಷ್ಟು ನೋಡೋಣ. ಕೃಷ್ಣೆ ಮತ್ತು ಘಟಪ್ರಭೆಯ ನೀರುಂಡ ನೆಲ. ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿ, ಸಿದ್ದಾಪುರ. ಮುಧೋಳದ ಸುತ್ತ ಕುಳಲಿ, ಉತ್ತೂರು, ತಿಮ್ಮಾಪುರ. ಮಹಾಲಿಂಗಪುರದ ಹತ್ತಿರ ಸಮೀರವಾಡಿ. ಬೀಳಗಿ ತಾಲ್ಲೂಕಿನ ಬಾಡಗಂಡಿ. ಎಲ್ಲಿ ನಿಂತರೂ ದೂರದಲ್ಲೊಂದು ಚಿಮಣಿ ಕಾಣುತ್ತದೆ. ನೇಕಾರಿಕೆಗೆ ಹೆಸರಾದ ರಬಕವಿ-ಬನಹಟ್ಟಿಯ ಹಾದಿಯಲ್ಲೂ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳದೇ ಸಾಲು.

ಇವನ್ನು ಇಂದಿಗೂ ಸಕ್ಕರೆ ಕಾರ್ಖಾನೆ ಎಂದೇ ಕರೆಯುತ್ತೇವೆ. ಆದರೆ ಈ ಉದ್ಯಮ ಈಗ ಮಾಡುವ ಕೆಲಸ ಸಕ್ಕರೆಯೊಂದೇ ಅಲ್ಲ. ನೂರು ಟನ್ ಕಬ್ಬು ನುರಿಸಿದರೆ ಸುಮಾರು ಮೂವತ್ತು ಟನ್ ಸಿಪ್ಪೆ, ಅಂದರೆ ಬಗಾಸ್ ಬರುತ್ತದೆ. ಅದನ್ನು ಉರಿಸಿ ಕರೆಂಟು ತೆಗೆಯುತ್ತಾರೆ. ನಾಲ್ಕು ಟನ್ನಿನಷ್ಟು ಕಾಕಂಬಿ ಬರುತ್ತದೆ. ಅದನ್ನು ಹುಳಿಸಿ ಬಟ್ಟಿ ಇಳಿಸಿ ಎಥನಾಲ್ ಮಾಡುತ್ತಾರೆ. 2014ರ ಸುಮಾರಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ ಎರಡು ಲೀಟರ್ ಕೂಡ ಇರಲಿಲ್ಲ. 2025ರಲ್ಲಿ ಅದು ಇಪ್ಪತ್ತಕ್ಕೆ ಮುಟ್ಟಿತು. ಆ ಎಥನಾಲಿನ ಒಂದು ಪಾಲು ಹೋಗುವುದು ಇದೇ ಕಬ್ಬಿನ ನಾಡಿನಿಂದ. ರೈತನಿಗೆ, ಊರಿಗೆ ಇದರಿಂದ ಲಾಭವಿದೆ. ಜೊತೆಗೆ ಬೆಂಕಿ ಹತ್ತುವ ದ್ರವ, ಸಿಡಿಯುವ ಅನಿಲ, ಭಾರೀ ಒತ್ತಡದ ಹಬೆ ಊರ ಪಕ್ಕಕ್ಕೇ ಬಂದು ನಿಂತಿವೆ.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಕುಳಲಿಯಲ್ಲಿ ಬಾಯ್ಲರ್ ಎಂದು ಜನ ತಿಳಿದರು, ಅನಾಹುತವಾದದ್ದು ತ್ಯಾಜ್ಯ ನೀರಿನ ಘಟಕದಲ್ಲಿ. ಸಕ್ಕರೆ ಕಾರ್ಖಾನೆ ಇಂದು ರಾಸಾಯನಿಕ ಕಾರ್ಖಾನೆಯೂ ಹೌದು, ಇಂಧನ ಕಾರ್ಖಾನೆಯೂ ಹೌದು. ಇನ್ನು ಬಾಯ್ಲರಿನ ಮಾತಿಗೆ ಬರೋಣ.

ಒಂದು ಲೀಟರ್ ನೀರು ಹಬೆಯಾದರೆ ತೆರೆದ ಗಾಳಿಯಲ್ಲಿ ಸುಮಾರು ಸಾವಿರದ ಆರುನೂರು ಲೀಟರ್ ಜಾಗ ಬೇಡುತ್ತದೆ. ಆ ಹಿಗ್ಗುವಿಕೆಯನ್ನು ಉಕ್ಕಿನೊಳಗೆ ಹಿಡಿದಿಡುವುದೇ ಬಾಯ್ಲರ್. ಬಾಯ್ಲರಿನಲ್ಲಿ ಮುಖ್ಯವಾದ ಪ್ರಶ್ನೆ, ಒಳಗೆ ನೀರು ಎಷ್ಟಿದೆ ಎಂಬುದು. ನೀರು ಇಳಿದು ಬೆಂಕಿ ಹಾಗೇ ಉರಿಯುತ್ತಿದ್ದರೆ ಕೊಳವೆಗಳು ಕಾದು ಮೆತ್ತಗಾಗಿ ಒಡೆಯುತ್ತವೆ. ನೀರಿನ ಮಟ್ಟ ತೋರಿಸಲು ಗೇಜ್ ಗ್ಲಾಸ್ ಎಂಬ ಗಾಜಿನ ಕೊಳವೆ ಇರುತ್ತದೆ. ಈ ಗಾಜಿನದೊಂದು ಗುಣವಿದೆ. ಅದು ಪೂರ್ತಿ ತುಂಬಿದ್ದರೂ, ಪೂರ್ತಿ ಖಾಲಿ ಇದ್ದರೂ ಕಣ್ಣಿಗೆ ಒಂದೇ ತರಹ ಕಾಣುತ್ತದೆ. ನೀರಿನ ಗೆರೆ ಗಾಜಿನ ನಡುವೆ ಇದ್ದಾಗ ಮಾತ್ರ ನೋಟವನ್ನು ನಂಬಬಹುದು. ಅದಕ್ಕೇ ಅನುಭವಿ ಬಾಯ್ಲರ್ ಅಟೆಂಡೆಂಟ್ ಪಾಳಿಗೆ ಬಂದ ಕೂಡಲೇ ಗೇಜಿನ ಕೆಳಗಿನ ಕಾಕ್ ತಿರುಗಿಸಿ ನೀರನ್ನು ಹೊರಬಿಡುತ್ತಾನೆ. ಕಾಕ್ ಮುಚ್ಚಿದ ಮೇಲೆ ನೀರು ಚುರುಕಾಗಿ ಮತ್ತೆ ಏರಿತೇ ಎಂದು ನೋಡುತ್ತಾನೆ. ಕೆಲವೇ ನಿಮಿಷದ ಕೆಲಸ. ಹಿಂದಿನ ಪಾಳಿಯವನು ಸರಿ ಇದೆ ಎಂದ ಮಾತಿಗೆ ಅವನು ತನ್ನ ಜೀವ ಒಪ್ಪಿಸುವುದಿಲ್ಲ.

ಬಾಯ್ಲರಿಗೆ ಕಾನೂನಿನ ಕಾವಲು ಹಳೆಯದು. 1923ರ ಬಾಯ್ಲರ್ ಕಾಯ್ದೆ ನೂರು ವರ್ಷ ದಾಟಿ ನಡೆಯಿತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ನೋಂದಣಿ, ಪರಿಶೀಲನೆ, ಪ್ರಮಾಣಪತ್ರ, ನಡೆಸುವವನಿಗೆ ಪರೀಕ್ಷೆ, ಎಲ್ಲವೂ ಉಂಟು. ರಾಜ್ಯದಲ್ಲಿ ಇದಕ್ಕೆಂದೇ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಿದೆ. ಹೆದರಿಕೆಯಿದ್ದ ಕಡೆ ಕಾವಲು ಬಂತು. ಅದು ಒಳ್ಳೆಯದೇ.

ಆದರೂ 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರದ ವಿದ್ಯುತ್ ಸ್ಥಾವರದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಬಾಯ್ಲರಿನ ಕುಲುಮೆಯ ತಳದಲ್ಲಿ ಬೂದಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಘಟಕ ನಿಲ್ಲಿಸದೆಯೇ ಅದನ್ನು ಕೆಡವುವ ಕೆಲಸ ನಡೆದಿತ್ತು. ಕಾದ ಬೂದಿ ಮತ್ತು ಬಿಸಿ ಅನಿಲ ಕೆಲಸಗಾರರ ಮೇಲೆ ನುಗ್ಗಿದವು. ಕುಲುಮೆಯೊಳಗೆ ಏನು ಸೇರಿಕೊಂಡಿದೆ, ಎಷ್ಟು ಸೇರಿಕೊಂಡಿದೆ ಎಂಬ ಲೆಕ್ಕ ತಪ್ಪಿದರೆ ಹೀಗಾಗುತ್ತದೆ. ಕರೆಂಟಿನ ಬೇಡಿಕೆ ಇದೆ, ನಿಲ್ಲಿಸುವುದು ಬೇಡ ಎಂಬ ಒತ್ತಡ ಯಾವ ಕಾರ್ಖಾನೆಯಲ್ಲೂ ಹೊಸದಲ್ಲ. ಕಬ್ಬಿನ ಹಂಗಾಮಿನಲ್ಲಂತೂ ಗೇಟಿನ ಹೊರಗೆ ಕಬ್ಬು ಒಣಗುತ್ತಾ ನಿಂತಿರುತ್ತದೆ. ನಿಲ್ಲಿಸಿ ಎನ್ನುವವನಿಗೆ ಆಗ ಗುಂಡಿಗೆ ಗಟ್ಟಿ ಇರಬೇಕು, ಬೆನ್ನಿಗೆ ಆಡಳಿತ ಇರಬೇಕು.

ಬಾಯ್ಲರಿನಲ್ಲಿ ಒಳಗಿನ ನೀರು ಗೊತ್ತಿರಬೇಕು, ಬೂದಿ ಗೊತ್ತಿರಬೇಕು ಎಂದು ಕೇಳಿದಿರಿ. ಈಗ ಮೊದಲ ಪ್ರಶ್ನೆಗೆ ಮರಳೋಣ. ಕೊಳಕು ನೀರು ಸಿಡಿಯುವುದು ಹೇಗೆ?

ಡಿಸ್ಟಿಲರಿಯಲ್ಲಿ ಒಂದು ಲೀಟರ್ ಮದ್ಯಸಾರ ತೆಗೆದರೆ ಹತ್ತು ಲೀಟರಿನ ಆಸುಪಾಸು ಕಂದು ಬಣ್ಣದ ನೀರು ಉಳಿಯುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆ ಸ್ಪೆಂಟ್‌ವಾಶ್ ಎನ್ನುತ್ತಾರೆ. ದಿನಕ್ಕೆ ಲಕ್ಷ ಲೀಟರ್ ಮದ್ಯಸಾರ ಎಂದರೆ ಹತ್ತು ಲಕ್ಷ ಲೀಟರ್ ಸ್ಪೆಂಟ್‌ವಾಶ್. ಇದನ್ನು ನದಿಗೆ ಬಿಟ್ಟರೆ ಮೀನು ಸಾಯುತ್ತವೆ. ಆದ್ದರಿಂದ ಹಲವು ಕಡೆ ಅದನ್ನು ಡೈಜೆಸ್ಟರ್ ಎಂಬ ದೊಡ್ಡ ಮುಚ್ಚಿದ ಟ್ಯಾಂಕಿಗೆ ಹಾಕುತ್ತಾರೆ. ಗಾಳಿಯಿಲ್ಲದ ಆ ಜಾಗದಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಅನಿಲ ಬಿಡುತ್ತವೆ. ಹಿತ್ತಿಲ ಗೋಬರ್ ಗ್ಯಾಸಿನ ಕೆಲಸವೇ ಇಲ್ಲಿ ಸಾವಿರಾರು ಪಟ್ಟು ದೊಡ್ಡದಾಗಿ ನಡೆಯುತ್ತದೆ. ಆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಅದು ಗಾಳಿಯಲ್ಲಿ ನೂರಕ್ಕೆ ಐದರಿಂದ ಹದಿನೈದು ಪಾಲು ಬೆರೆತಾಗ ಒಂದು ಕಿಡಿ ಸಾಕು. ಕಿಡಿ ವೆಲ್ಡಿಂಗಿನದಾಗಬಹುದು, ಸ್ವಿಚ್ಚಿನದಾಗಬಹುದು, ಬೀಡಿಯದಾಗಬಹುದು.

ಮೀಥೇನ್ ಜೊತೆ ಇನ್ನೊಂದು ಅನಿಲ ಇರುತ್ತದೆ, ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ. ಅದೇ ನೂರು ಪಾಲಿನ ಆಸುಪಾಸಿಗೆ ಏರಿದರೆ ಸ್ವಲ್ಪ ಹೊತ್ತಿನಲ್ಲೇ ವಾಸನೆ ನಿಂತುಹೋಗುತ್ತದೆ. ಅನಿಲ ಹೋದದ್ದಲ್ಲ, ಮೂಗಿನ ಶಕ್ತಿ ಹೋದದ್ದು. 'ವಾಸನೆ ಇಲ್ಲ, ಇಳಿಯಬಹುದು' ಎಂದುಕೊಳ್ಳುವುದು ಆ ಗಳಿಗೆಯಲ್ಲೇ. ಐನೂರು ಪಾಲು ದಾಟಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ. 2025ರ ಜುಲೈನಲ್ಲಿ ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಇದೇ ಅನಿಲ ಸೋರಿ ಇಬ್ಬರು ಕೆಲಸಗಾರರು ಪ್ರಾಣ ಬಿಟ್ಟರು. ದೊಡ್ಡ ಸಂಸ್ಥೆ, ಪಳಗಿದ ಕೈಗಳು. ಅನಿಲಕ್ಕೆ ಅದರ ಲೆಕ್ಕವಿಲ್ಲ.

ಈ ಭಾಗದ ಹಿರಿಯರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. ಅವರು ಹಗೇವು ಕಂಡವರು. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ಅಗಲ. ಗೋಡೆಗೆ ಹುಲ್ಲು ಕೊಟ್ಟು, ಜೋಳ ತುಂಬಿ, ಮೇಲೆ ಕಲ್ಲು ಹೇರಿ ಮಣ್ಣು ಮೆತ್ತುತ್ತಿದ್ದರು. ತಿಂಗಳುಗಟ್ಟಲೆ ಮುಚ್ಚಿದ ಜೋಳ ಒಳಗಿನ ಪ್ರಾಣವಾಯುವನ್ನು ಉಂಡು ಮುಗಿಸಿರುತ್ತದೆ. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಲ್ಲು ಸರಿಸಿ ಬಹಳ ಹೊತ್ತು ಗಾಳಿಯಾಡಲು ಬಿಡುತ್ತಿದ್ದರು. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದಿದರೆ ಇಳಿಯುವುದಿಲ್ಲ. ಅನುಭವ ಕಲಿಸಿದ ಕಟ್ಟುನಿಟ್ಟು ಅದು. ಮನೆಯ ಮಗನಾದರೂ ಸರಿ, ಗೌಡನ ಆಳಾದರೂ ಸರಿ, ದೀಪ ಕೇಳದೆ ಇಳಿಯುವಂತಿಲ್ಲ.

ಕಾರ್ಖಾನೆಯ ಟ್ಯಾಂಕಿಗೂ ಇದೇ ನಿಯಮ. ಒಂದು ವ್ಯತ್ಯಾಸ ಮಾತ್ರ, ಅದನ್ನು ಗಟ್ಟಿಯಾಗಿ ನೆನಪಿಡಿ: ಅಲ್ಲಿ ದೀಪ ಇಳಿಸಬಾರದು. ಒಳಗೆ ಮೀಥೇನ್ ಇದ್ದರೆ ದೀಪವೇ ಸ್ಫೋಟಕ್ಕೆ ಕಾರಣ. ಅದಕ್ಕಾಗಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಅನಿಲ ಮಾಪಕ ಬಂದಿದೆ. ಪ್ರಾಣವಾಯು ಎಷ್ಟು, ಸಿಡಿಯುವ ಅನಿಲ ಎಷ್ಟು, ವಿಷ ಎಷ್ಟು ಎಂದು ಅದು ಅಂಕಿಯಲ್ಲಿ ಹೇಳುತ್ತದೆ. ಗಾಳಿಯಲ್ಲಿ ಪ್ರಾಣವಾಯು ನೂರಕ್ಕೆ ಇಪ್ಪತ್ತೊಂದು ಪಾಲು ಇರುತ್ತದೆ. ಹತ್ತೊಂಬತ್ತೂವರೆಗಿಂತ ಕೆಳಗಿಳಿದರೆ ಒಳಗೆ ಕಾಲಿಡುವಂತಿಲ್ಲ. ಮೇಲೆ, ಮಧ್ಯೆ, ತಳದಲ್ಲಿ ಬೇರೆ ಬೇರೆಯಾಗಿ ಅಳೆಯಬೇಕು. ಏಕೆಂದರೆ ಮೀಥೇನ್ ಮೇಲೇರುತ್ತದೆ, ಹೈಡ್ರೋಜನ್ ಸಲ್ಫೈಡ್ ತಳದಲ್ಲಿ ಕೂರುತ್ತದೆ. ಕಾಕಂಬಿ ಹುಳಿಯುವ ತೊಟ್ಟಿಯ ಇಂಗಾಲದ ಡೈಆಕ್ಸೈಡ್ ಕೂಡ ಹಾಗೆಯೇ ತಳಕ್ಕಿಳಿಯುತ್ತದೆ.

ಒಬ್ಬ ಒಳಗೆ ಬಿದ್ದರೆ ಜೊತೆಗಾರ ಏನು ಮಾಡುತ್ತಾನೆ? 'ತಡೀ, ಎಬ್ಬಸ್ತೀನಿ' ಎಂದು ಹಾರುತ್ತಾನೆ. ಅವನೂ ಬೀಳುತ್ತಾನೆ. ಮೂರನೆಯವನೂ ಇಳಿಯುತ್ತಾನೆ. ದೇಶದಲ್ಲಿ ಒಳಚರಂಡಿ ಗುಂಡಿಗಳಿಂದ ಹಿಡಿದು ಕಾರ್ಖಾನೆ ತೊಟ್ಟಿಗಳವರೆಗೆ ಈ ಕತೆ ಮತ್ತೆ ಮತ್ತೆ ನಡೆದಿದೆ. ಇಳಿಯುವವನ ಸೊಂಟಕ್ಕೆ ಬೆಲ್ಟ್, ಬೆಲ್ಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೇಲಿದ್ದವನ ಕೈಯಲ್ಲಿ. ಮೇಲಿದ್ದವನು ಬೇರೆ ಯಾವ ಕೆಲಸವನ್ನೂ ಮಾಡುವಂತಿಲ್ಲ, ಚಹಾಕ್ಕೂ ಹೋಗುವಂತಿಲ್ಲ. ಬಿದ್ದವನನ್ನು ಹಗ್ಗದಿಂದ ಎಳೆಯಬೇಕು, ಉಸಿರಾಟದ ಸಾಧನ ಇಲ್ಲದೆ ಯಾರೂ ಇಳಿಯಬಾರದು.

ಇಷ್ಟು ಹೊತ್ತು ಅನಿಲದ ಮಾತಾಯಿತು. ಇನ್ನು ದ್ರವಕ್ಕೆ ಬರೋಣ, ಆಮೇಲೆ ಪುಡಿಗೆ.

ಎಥನಾಲಿನ ಆವಿಗೆ ಕಿಡಿ ಹತ್ತಲು ಹದಿಮೂರು ಡಿಗ್ರಿ ಶಾಖ ಸಾಕು. ಮುಧೋಳದ ಬೇಸಿಗೆ ನಲವತ್ತು ಡಿಗ್ರಿ ಮುಟ್ಟುತ್ತದೆ. ಅಂದರೆ ಅದರ ಆವಿ ಇಲ್ಲಿ ಹೆಚ್ಚು ಕಡಿಮೆ ವರ್ಷವಿಡೀ ಸಿದ್ಧವಾಗಿಯೇ ಇರುತ್ತದೆ. ಅದರ ಬೆಂಕಿ ಹಗಲಿನ ಬಿಸಿಲಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ನೀಲಿ, ತೆಳು, ಹೊಗೆಯಿಲ್ಲದ ಉರಿ. ಪೆಟ್ರೋಲ್ ಬೆಂಕಿಗೆ ಬಳಸುವ ಸಾಮಾನ್ಯ ನೊರೆ ಇದರ ಮೇಲೆ ನಿಲ್ಲದೆ ಕರಗುತ್ತದೆ. ಮದ್ಯಸಾರ ತಡೆಯುವ ಬೇರೆಯದೇ ನೊರೆ ಬೇಕು. ಈ ತಾಲ್ಲೂಕುಗಳ ಅಗ್ನಿಶಾಮಕ ಠಾಣೆಗಳಲ್ಲಿ ಆ ನೊರೆ ಸಾಕಷ್ಟು ಇದೆಯೇ ಎಂದು ಜನಪ್ರತಿನಿಧಿಗಳು ಕೇಳಿ ತಿಳಿಯಬೇಕು. ರಸ್ತೆಯಲ್ಲಿ ಎಥನಾಲ್ ಟ್ಯಾಂಕರ್ ಉರುಳಿದ್ದು ಕಂಡರೆ ಕೇಳುಗರೇ, ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ. ಕೊಡ ತಂದು ತುಂಬಿಕೊಳ್ಳುವ ಆಸೆ ಬೇಡ. ಗಾಳಿ ಬೀಸಿ ಬರುವ ದಿಕ್ಕಿಗೆ ದೂರ ಸರಿದು 112ಕ್ಕೆ ಕರೆ ಮಾಡಿ.

ಕಾಕಂಬಿ ನೋಡಲು ಸಾಧು. ಆದರೂ 1919ರ ಜನವರಿಯಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಕಾಕಂಬಿಯ ಟ್ಯಾಂಕು ಒಡೆದು ಇಪ್ಪತ್ತೊಂದು ಜನ ಸತ್ತರು. ಎಂಬತ್ತು ಲಕ್ಷ ಲೀಟರಿಗೂ ಹೆಚ್ಚು ಕಾಕಂಬಿ ಅದರಲ್ಲಿತ್ತು. ಟ್ಯಾಂಕು ಕಟ್ಟಿದಾಗಿನಿಂದ ಸೋರುತ್ತಿತ್ತು. ದುರಸ್ತಿಗೆ ಬದಲು, ಸೋರಿದ್ದು ಕಾಣದಂತೆ ಕಂದು ಬಣ್ಣ ಬಳಿದಿದ್ದರು.

ಪುಡಿಯ ಕತೆ ಇನ್ನೂ ಕಲಿಯುವಂಥದ್ದು. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್ ಎಂಬ ಊರಿನ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಹದಿನಾಲ್ಕು ಜನ ಸತ್ತರು. ಸಿಡಿದದ್ದು ಸಕ್ಕರೆಯ ಧೂಳು. ಅಲ್ಲಿ ಸಕ್ಕರೆ ಸಾಗಿಸುವ ಪಟ್ಟಿಯೊಂದಕ್ಕೆ ಹಿಂದಿನ ವರ್ಷ ಉಕ್ಕಿನ ಮುಚ್ಚಳ ಹಾಕಿದ್ದರು. ಉದ್ದೇಶ ಒಳ್ಳೆಯದು, ಸಕ್ಕರೆಗೆ ಕಸ ಬೀಳಬಾರದು ಎಂದು. ಮೊದಲು ಹೊರಗೆ ಹಾರಿ ಚದುರುತ್ತಿದ್ದ ಧೂಳು ಮುಚ್ಚಳದೊಳಗೆ ದಟ್ಟವಾಯಿತು. ಅದಕ್ಕೆ ಬೆಂಕಿ ಹೊತ್ತಿತು. ಮೊದಲ ಸ್ಫೋಟದ ಅದುರಿಗೆ ತೊಲೆಗಳ ಮೇಲೆ ಕೂತಿದ್ದ ಧೂಳೂ ಎದ್ದು, ಒಂದರ ಹಿಂದೆ ಒಂದು ಸಿಡಿಯುತ್ತಾ ಹೋಯಿತು. ಒಂದು ಮುಚ್ಚಳ ಹಾಕುವ ಮುನ್ನ 'ಇದರಿಂದ ಒಳಗೆ ಏನು ಬದಲಾಗುತ್ತದೆ' ಎಂದು ಯಾರೋ ಒಬ್ಬರು ಕೂತು ಯೋಚಿಸಬೇಕಿತ್ತು. ಪ್ರಕ್ರಿಯಾ ಸುರಕ್ಷತೆ ಎಂಬ ದೊಡ್ಡ ಹೆಸರಿನ ಶಾಸ್ತ್ರದಲ್ಲಿ ಅರ್ಧ ಭಾಗ ಇದೇ ಯೋಚನೆ.

ಅನಿಲ, ದ್ರವ, ಪುಡಿ ಮೂರನ್ನೂ ಕಂಡೆವು. ಮೂರರಲ್ಲೂ ಒಳಗಿರುವುದು ಹೊರಗಿನವನಿಗೆ ಗೊತ್ತಿರಲಿಲ್ಲ. ಈಗ ಬರುವುದು, ಒಬ್ಬನಿಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ಮುಟ್ಟುವುದು ಹೇಗೆ ಎಂಬ ಮಾತು.

1988ರ ಜುಲೈ 6ರಂದು ಬ್ರಿಟನ್ನಿನ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಹಗಲಿನ ಪಾಳಿಯವರು ಒಂದು ಪಂಪಿನ ಸುರಕ್ಷಾ ವಾಲ್ವ್ ಬಿಚ್ಚಿ ದುರಸ್ತಿಗೆ ಒಯ್ದಿದ್ದರು. ಪೈಪಿನ ಬಾಯಿಗೆ ತಾತ್ಕಾಲಿಕ ಬಿಲ್ಲೆ ಕೂರಿಸಿದ್ದರು. ಆ ಸಂಗತಿ ಬರೆದ ಚೀಟಿ ರಾತ್ರಿ ಪಾಳಿಯವರ ಕೈಗೆ ಹೋಗಲಿಲ್ಲ. ಇನ್ನೊಂದು ಪಂಪ್ ಕೆಟ್ಟಾಗ ಅವರು ವಾಲ್ವ್ ಇಲ್ಲದ ಈ ಪಂಪನ್ನು ಚಾಲೂ ಮಾಡಿದರು.

ಕಬ್ಬಿನ ನಾಡಿನಲ್ಲಿ ಇಂಥ ಚೀಟಿಗೆ ಬೆಲೆ ಬರುವುದು ಹಂಗಾಮು ಮುಗಿದ ಮೇಲೆ. ಬೇಸಿಗೆಯಲ್ಲಿ ಗಾಣ ನಿಲ್ಲುತ್ತದೆ, ಕಾರ್ಖಾನೆ ತಣ್ಣಗಾಗುತ್ತದೆ. ಊರವರು ಈಗ ಅಪಾಯ ಇಲ್ಲ ಎಂದುಕೊಳ್ಳುತ್ತಾರೆ. ಟ್ಯಾಂಕುಗಳ ಮುಚ್ಚಳ ತೆಗೆಯುವುದು, ಪೈಪು ಕತ್ತರಿಸುವುದು, ವೆಲ್ಡಿಂಗ್ ಮಾಡುವುದು ಎಲ್ಲ ಆಗಲೇ. ಗುತ್ತಿಗೆದಾರನ ಹಿಂದೆ ಹೊಸ ಹುಡುಗರು ಬಂದಿರುತ್ತಾರೆ. ಹೋದ ತಿಂಗಳು ಆ ಪೈಪಿನಲ್ಲಿ ಏನು ಹರಿಯುತ್ತಿತ್ತು ಎಂದು ಅವರಿಗೆ ತಿಳಿದಿರುವುದಿಲ್ಲ.

ಚೀಟಿ ಅಂದರೆ ಕೆಲಸದ ಪರ್ಮಿಟ್. ಯಾವ ಟ್ಯಾಂಕು, ಯಾವ ಕೆಲಸ, ಎಷ್ಟು ಗಂಟೆಯವರೆಗೆ, ಅನಿಲ ಅಳೆದವರು ಯಾರು, ಅಂಕಿ ಎಷ್ಟು, ಸಹಿ. ಟ್ಯಾಂಕಿಗೆ ಬರುವ ಪೈಪಿನ ವಾಲ್ವ್ ಮುಚ್ಚಿದರೆ ಸಾಲದು, ವಾಲ್ವ್ ಸೋರುತ್ತದೆ. ಜೋಡಣೆ ಬಿಚ್ಚಿ ನಡುವೆ ಉಕ್ಕಿನ ಬಿಲ್ಲೆ ಹಾಕಬೇಕು. ಕಲಕುವ ಮೋಟಾರಿನ ಸ್ವಿಚ್ಚಿಗೆ ಬೀಗ ಬೀಳಬೇಕು, ಆ ಬೀಗದ ಕೀಲಿ ಒಳಗೆ ಇಳಿದವನ ಜೇಬಿನಲ್ಲಿ ಇರಬೇಕು. ಮೇಲಧಿಕಾರಿಯ ಡ್ರಾವರಿನಲ್ಲಿ ಅಲ್ಲ. ಇನ್ನೊಂದು ಮಾತು: ಪರ್ಮಿಟ್ ಇಂಗ್ಲಿಷಿನಲ್ಲಿದ್ದು, ಇಳಿಯುವವನಿಗೆ ಕನ್ನಡವೋ ಮರಾಠಿಯೋ ಹಿಂದಿಯೋ ಮಾತ್ರ ಬರುತ್ತಿದ್ದರೆ ಆ ಹಾಳೆ ಯಾರನ್ನೂ ಕಾಯುವುದಿಲ್ಲ. ಅವನ ಭಾಷೆಯಲ್ಲಿ ಓದಿ ಹೇಳಿ, ಅವನ ಬಾಯಿಂದ ತಿರುಗಿ ಹೇಳಿಸಬೇಕು.

ಚೀಟಿ, ಬೀಗ, ಬಿಲ್ಲೆ ಇವು ಗೇಟಿನ ಒಳಗಿನ ಮಾತಾದವು. ಕೊನೆಯದಾಗಿ ಗೇಟಿನ ಹೊರಗೆ ಬರೋಣ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಕಾರ್ಖಾನೆಯೊಂದರಲ್ಲಿ ನಲವತ್ತು ಟನ್ನಿನಷ್ಟು ವಿಷ ದ್ರವವಿದ್ದ ಟ್ಯಾಂಕಿಗೆ ನೀರು ಹೊಕ್ಕಿತು. ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲವನ್ನು ಸುಡುವ ಗೋಪುರದ ಪೈಪು ದುರಸ್ತಿಗೆಂದು ಕಳಚಿತ್ತು. ಸಾವಿರಾರು ಜನ ಸತ್ತರು. ಪಕ್ಕದ ಟ್ಯಾಂಕಿನಲ್ಲಿ ಏನಿದೆ ಎಂಬುದು ಸತ್ತವರಿಗೆ ಗೊತ್ತಿರಲಿಲ್ಲ, ಎತ್ತ ಓಡಬೇಕೆಂದೂ ಗೊತ್ತಿರಲಿಲ್ಲ.

ಆ ದುರಂತದ ನಂತರ ಕಾನೂನು ಬದಲಾಯಿತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಹೊಸ ಅಧ್ಯಾಯ ಸೇರಿತು. ಅಪಾಯಕಾರಿ ಕಾರ್ಖಾನೆ ತನ್ನ ಅಪಾಯವನ್ನು ಕೆಲಸಗಾರರಿಗೂ ಸುತ್ತಲಿನ ಜನರಿಗೂ ತಿಳಿಸಬೇಕು ಎಂದಾಯಿತು. ಪ್ರಾಣಕ್ಕೆ ಕುತ್ತು ಎಂದು ಕಂಡರೆ ಆಡಳಿತವನ್ನು ಎಚ್ಚರಿಸುವ ಹಕ್ಕು ಕೆಲಸಗಾರನಿಗೆ ಬಂತು. ಈಗ ಬಂದಿರುವ ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. 1996ರ ನಿಯಮಗಳು ಇನ್ನೂ ಮುಂದೆ ಹೋದವು. ಭಾರೀ ಅಪಘಾತದ ಸಾಧ್ಯತೆಯಿರುವ ಕಾರ್ಖಾನೆಗಳಿದ್ದಲ್ಲಿ ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಒಂದು ಗುಂಪು, ಸ್ಥಳೀಯವಾಗಿ ಉಪವಿಭಾಗಾಧಿಕಾರಿಯ ನೇತೃತ್ವದಲ್ಲಿ ಇನ್ನೊಂದು ಗುಂಪು ಇರಬೇಕು ಎಂದವು. ಸ್ಥಳೀಯ ಗುಂಪಿನಲ್ಲಿ ಅಗ್ನಿಶಾಮಕ ಅಧಿಕಾರಿ, ಪೊಲೀಸ್ ಠಾಣಾಧಿಕಾರಿ, ವೈದ್ಯರು, ಊರಿನ ಪಂಚಾಯಿತಿ ಮುಖ್ಯಸ್ಥರು, ಸ್ಥಳೀಯ ಪತ್ರಿಕೆಯ ಸಂಪಾದಕರಿಗೂ ಜಾಗವಿದೆ. ಆರು ತಿಂಗಳಿಗೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ಮಾಡಿ ನೋಡಬೇಕು.

ಈ ತಾಲ್ಲೂಕುಗಳಿಗೆ ಉಪವಿಭಾಗಾಧಿಕಾರಿಯ ಕಚೇರಿ ಇರುವುದು ಜಮಖಂಡಿಯಲ್ಲಿ. ಅಂಥ ಗುಂಪು ಇದೆಯೇ, ಕೊನೆಯ ಸಲ ಸೇರಿದ್ದು ಯಾವಾಗ, ಕಾರ್ಖಾನೆಯ ಸೈರನ್ ಯಾವ ರೀತಿ ಕೂಗಿದರೆ ಪಾಳಿ ಬದಲು, ಯಾವ ರೀತಿ ಕೂಗಿದರೆ ಊರು ಬಿಡಬೇಕು ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಲಿಖಿತ ಉತ್ತರವನ್ನೂ ಪಡೆಯಬಹುದು. ಮುಂದಿನ ಹಂಗಾಮಿಗೆ ಬಾಯ್ಲರಿಗೆ ಬೆಂಕಿ ಹಾಕುವ ಮೊದಲೇ ಆ ಉತ್ತರ ಪಂಚಾಯಿತಿ ಕಚೇರಿಯ ಫಲಕದ ಮೇಲೆ ಕನ್ನಡದಲ್ಲಿ ಅಂಟಿರಬೇಕು. ಶಾಲೆಯ ಮುಖ್ಯ ಗುರುಗಳಿಗೂ ಆಶಾ ಕಾರ್ಯಕರ್ತೆಯರಿಗೂ ಅದರ ಪ್ರತಿ ತಲುಪಿರಬೇಕು.